ಕೇಳಿದ್ದಕ್ಕಿಂತ ಹೆಚ್ಚಿನ ಬೆಲೆ

ಆ ಬೀದಿಯವರೆಲ್ಲ ಅವಳನ್ನು ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿಯಲ್ಲಿ ತಕ್ಕಡಿ ಇತ್ತೆಂದಲ್ಲ. ಅಪ್ಪ ಹಳೇ ಕಂಪ್ಯೂಟರುಗಳ ಗುಜರಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಒಂದಿತ್ತು, ಅದು ತುಕ್ಕು ಹಿಡಿದು ಕೊನೆಗೆ ಗುಜರಿಗೇ ಸೇರಿತು. ಯಾರು ಏನು ಹೇಳಿದರೂ ಕತ್ತು ಓರೆ ಮಾಡಿ, ಆ ಮಾತು ಎಷ್ಟು ತೂಗುತ್ತದೆಂದು ನೋಡುವ ಅವಳ ಅಭ್ಯಾಸಕ್ಕೆ ಬಂದ ಹೆಸರು ಅದು. ಮಳೆ ಬರುತ್ತಿದೆ ಎಂದರೂ ಕಿಟಕಿಯಾಚೆ ಕೈ ಚಾಚಿ ನೋಡಿಯೇ ಕೊಡೆ ಹುಡುಕುವವಳು ಎಂದು ಅವಳ ತಮ್ಮ ನಗುತ್ತಿದ್ದ.

ಅಕ್ಕ ತಮ್ಮ ಸೇರಿ ನಡೆಸುತ್ತಿದ್ದದ್ದು ಹಳೆಯ ಮೈನಿಂಗ್ ಯಂತ್ರಗಳ ವ್ಯಾಪಾರ. ಕ್ರಿಪ್ಟೋ ನಾಣ್ಯ ದುಡಿದು ತರುವ ಯಂತ್ರ. ನೋಡಲು ಎರಡು ತುದಿಗೂ ಫ್ಯಾನು ಸಿಕ್ಕಿಸಿದ ಉದ್ದನೆಯ ಡಬ್ಬ, ಅಷ್ಟೆ. ಕರೆಂಟು ಕುಡಿಯುತ್ತದೆ, ಬಿಸಿಗಾಳಿ ಉಗುಳುತ್ತದೆ, ಬಿಡುವಿಲ್ಲದೆ ಲೆಕ್ಕ ಬಿಡಿಸುತ್ತದೆ, ಬಿಡಿಸಿದ್ದಕ್ಕೆ ತಕ್ಕಂತೆ ಚೂರುಪಾರು ನಾಣ್ಯ ಮಾಲೀಕನ ಖಾತೆಗೆ ಬೀಳುತ್ತದೆ. ರಿಪೇರಿ ತಮ್ಮನ ಕೆಲಸ, ಬೆಲೆ ಕಟ್ಟುವುದು ಅಕ್ಕನದು. ಆ ಬೆಲೆಯೋ, ನಿಂತಲ್ಲಿ ನಿಲ್ಲುವಂಥದ್ದಲ್ಲ. ಬೆಳಿಗ್ಗೆ ಎದ್ದರೆ ನಾಣ್ಯದ ದರ ನೋಡಬೇಕು. ಪ್ರಪಂಚದಲ್ಲಿ ಇಂಥ ಯಂತ್ರಗಳು ಇನ್ನೂ ಎಷ್ಟು ಓಡುತ್ತಿವೆ ನೋಡಬೇಕು, ಏಕೆಂದರೆ ದಿನಕ್ಕೆ ಹುಟ್ಟುವ ನಾಣ್ಯ ಇಷ್ಟೇ ಎಂದು ಗೊತ್ತಾಗಿರುತ್ತದೆ. ಊಟಕ್ಕೆ ಕೂತವರು ಹೆಚ್ಚಾದಷ್ಟೂ ತಟ್ಟೆಗೆ ಬೀಳುವುದು ಕಡಿಮೆ. ಅದರಲ್ಲಿ ಕರೆಂಟಿನ ಖರ್ಚು ಕಳೆದರೆ ಉಳಿದದ್ದು ಯಂತ್ರದ ದುಡಿಮೆ. ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ತಿರುಗಿ ಬರುತ್ತದೆ ಎಂಬುದರ ಮೇಲೆ ಯಂತ್ರದ ಬೆಲೆ. ನಾಣ್ಯ ಏರಿದರೆ ಮೂಲೆಗೆ ಬಿದ್ದ ಡಬ್ಬಕ್ಕೂ ಹತ್ತು ಕೈ ಚಾಚುತ್ತವೆ. ಇಳಿದರೆ ಪೆಟ್ಟಿಗೆ ಒಡೆಯದ ಹೊಸ ಯಂತ್ರವನ್ನೂ ಕೇಳುವವರಿರುವುದಿಲ್ಲ.

ಅದು ಏರುಗಾಲ. ಅಂಗಡಿಗೆ ಬರುವವರೆಲ್ಲ ಕೊಳ್ಳುವವರೇ, ಮಾರುವವರು ಒಬ್ಬರೂ ಇಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹಿರಿಯರು ಬಂದು ಕುರ್ಚಿಯ ತುದಿಯಲ್ಲಿ ಕೂತು, ನನ್ನ ಹತ್ತಿರ ಅರವತ್ತು ಯಂತ್ರ ಇವೆ, ಅಷ್ಟನ್ನೂ ಕೊಟ್ಟುಬಿಡಬೇಕು ಎಂದರು. ಅವರು ಮುದ್ರಣಾಲಯ ನಡೆಸಿದವರು. ಅಚ್ಚಿನ ಕೆಲಸ ಕ್ಷೀಣಿಸಿದ ಮೇಲೆ, ಇದ್ದ ಹಜಾರ, ಇದ್ದ ಕಾರ್ಖಾನೆ ಕರೆಂಟು ದಂಡವಾಗಬಾರದೆಂದು ಈ ಯಂತ್ರ ಹಾಕಿಸಿದ್ದರು. ಅವರು ಕೇಳಿದ ಬೆಲೆ ಆ ದಿನದ ಪೇಟೆಯ ಬೆಲೆಯ ಅರ್ಧಕ್ಕಿಂತ ಒಂದು ಬೆರಳು ಮೇಲೆ.

ಹಿಂದಿನ ಕೋಣೆಯಿಂದ ತಮ್ಮ ಸ್ಕ್ರೂಡ್ರೈವರು ಹಿಡಿದುಕೊಂಡೇ ಹೊರಗೆ ಬಂದ. ಅವನ ಮುಖ ನೋಡಿದರೆ ವ್ಯಾಪಾರ ಮುಗಿದೇ ಹೋದಂತಿತ್ತು. ಅಕ್ಕನ ಕತ್ತು ಮಾತ್ರ ಓರೆಯಾಯಿತು. ಹಾಲು ಕರೆಯುವ ಹಸುವನ್ನು ಯಾರಾದರೂ ಗೊಡ್ಡಿನ ಬೆಲೆಗೆ ಮಾರುತ್ತಾರೆಯೇ? ಹಿಂದೊಮ್ಮೆ ಸುಟ್ಟುಹೋದ ಬೋರ್ಡುಗಳನ್ನು ಉಜ್ಜಿ ತೊಳೆದು ಹೊಳೆಯಿಸಿ ಅವಳ ತಲೆಗೆ ಕಟ್ಟಿದವನೊಬ್ಬನಿದ್ದ. ಅವನೂ ಹೀಗೇ, ನಯವಾಗಿ, ಕುರ್ಚಿಯ ತುದಿಯಲ್ಲೇ ಕೂತಿದ್ದ.

ಯಾಕೆ ಮಾರುತ್ತೀರಿ ಎಂದು ಕೇಳಿದಳು. ಮೊದಲಿನ ಹಾಗೆ ದುಡಿಯುತ್ತಿಲ್ಲ, ವಯಸ್ಸಾಯಿತೇನೋ ಎಂದರು ಹಿರಿಯರು. ನಾಣ್ಯ ಏರಿದೆ ಏರಿದೆ ಎಂದು ಊರೆಲ್ಲ ಕುಣಿಯುತ್ತಿದೆ, ನನ್ನ ಖಾತೆಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ ಎಂದು ನಗಲು ನೋಡಿದರು. ನಗು ಬರಲಿಲ್ಲ.

ಮರುದಿನ ಅಕ್ಕ ತಮ್ಮ ಇಬ್ಬರೂ ಆ ಹಜಾರಕ್ಕೆ ಹೋದರು. ಬಾಗಿಲು ತೆರೆದದ್ದೇ ತಡ, ಜೇನುಗೂಡಿಗೆ ಕಿವಿ ಕೊಟ್ಟಂತೆ ಫ್ಯಾನುಗಳ ಮೊರೆತ. ನೆಲದ ತುಂಬ ಹಳೆಯ ಶಾಯಿಯ ಕಲೆ, ಬಿಸಿಗಾಳಿಯ ಅಡಿಯಲ್ಲಿ ಇನ್ನೂ ಉಳಿದ ಸೀಮೆಎಣ್ಣೆಯ ವಾಸನೆ. ಅಚ್ಚಿನ ಮೊಳೆ ಇಡುತ್ತಿದ್ದ ಮರದ ಕಪಾಟುಗಳ ಮೇಲೇ ಯಂತ್ರಗಳನ್ನು ಸಾಲಾಗಿ ಕೂಡಿಸಿದ್ದರು. ಅವುಗಳ ನಡುವೆ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು, ಕುಂಚದಿಂದ ಧೂಳು ಹೊಡೆಯುತ್ತ ಹಿರಿಯರ ಮಗಳು ನಿಂತಿದ್ದಳು. ಮೂವತ್ತು ದಾಟಿದ ಹೆಣ್ಣುಮಗಳು. ಯಂತ್ರ ನೋಡಿಕೊಳ್ಳುವುದೆಲ್ಲ ಇವಳೇ, ನನಗೆ ಈ ಸದ್ದು ಆಗಿಬರುವುದಿಲ್ಲ ಎಂದು ಹೇಳಿ ತಂದೆ ಮುಂದಿನ ಕೋಣೆಗೆ ಹೋದರು.

ಅಕ್ಕ ಒಂದೊಂದೇ ಸಾಲಿನ ಹಿಂದೆ ಅಂಗೈ ಹಿಡಿದು ನಡೆದಳು. ಯಂತ್ರ ಸೋತಿದ್ದರೆ ಗಾಳಿಯೂ ಬೆಚ್ಚಗಿರುತ್ತದೆ, ಅಷ್ಟೇ. ಇಲ್ಲಿ ಕೈ ಚುರುಕ್ ಎನ್ನುತ್ತಿತ್ತು. ಕರೆಂಟು ಮೀಟರು ಓಡುತ್ತಿದ್ದ ಓಟವೂ ದುಡಿಯುವ ಯಂತ್ರದ್ದೇ. ಹೊಟ್ಟೆ ತುಂಬ ತಿಂದು, ಮೈಮುರಿದು ಗೇಯ್ದು, ಮನೆಗೆ ಮಾತ್ರ ಅರೆಕೂಲಿ ತರುತ್ತಿವೆಯೆಂದರೆ ಏನರ್ಥ? ದುಡಿಮೆ ಬೀಳುವ ಖಾತೆಯನ್ನು ತೋರಿಸು ಎಂದು ಕೇಳಿದಳು. ಮಗಳು ತನ್ನ ಫೋನಿನಲ್ಲಿ ತೋರಿಸಿದಳು, ಆದರೆ ಫೋನನ್ನು ಕೈಬಿಡಲಿಲ್ಲ. ನೋಡುತ್ತಿದ್ದಂತೆಯೇ ಬೆರಳು ಪುಟವನ್ನು ಮೇಲೆ ಸರಿಸಿತು. ಪರೀಕ್ಷೆಗೆ ಒಂದು ಯಂತ್ರ ಒಯ್ಯುತ್ತೇವೆ ಎಂದಾಗ ಬಾಗಿಲ ಬಳಿಯದನ್ನು ಬಿಚ್ಚಲು ಹೋದಳು. ನಡುವಿನ ಸಾಲಿನದು ಕೊಡು ಎಂದಳು ಅಕ್ಕ. ಮಗಳು ಹಿಡಿದಿದ್ದ ವೈರನ್ನು ಬಿಟ್ಟು, ಎಲ್ಲಾ ಒಂದೇ ಎಂದು ಅದನ್ನು ಬಿಚ್ಚಿಕೊಟ್ಟಳು. ತಮ್ಮ ಆ ಯಂತ್ರವನ್ನು ಎತ್ತಿಕೊಳ್ಳುವಾಗ ಇಬ್ಬರೂ ಬಗ್ಗಿ ಏನೋ ಎರಡು ಮಾತಾಡಿದ್ದು ಅಕ್ಕನ ಕಣ್ಣಿಗೆ ಬಿತ್ತು. ಮೊರೆತದಲ್ಲಿ ಕಿವಿಗೆ ಬೀಳಲಿಲ್ಲ.

ತಮ್ಮ ಅದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ತಮ್ಮದೇ ಖಾತೆಗೆ ಜೋಡಿಸಿ ಓಡಿಸಿದ. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕನನ್ನು ಕರೆದ. ಯಂತ್ರ ಒಂದಷ್ಟು ಹೊತ್ತು ಸರಿಯಾಗಿ ದುಡಿಯುತ್ತದೆ, ಆಮೇಲೆ ಫ್ಯಾನು ಹಾಗೇ ಓಡುತ್ತಿದ್ದರೂ ಖಾತೆಗೆ ಏನೂ ಬೀಳುವುದಿಲ್ಲ, ಮತ್ತೆ ಶುರುವಾಗುತ್ತದೆ. ಆ ಖಾಲಿ ಹೊತ್ತಿನಲ್ಲಿ ಅದು ಬೇರೆ ಯಾರದೋ ಖಾತೆಗೆ ಗೇಯುತ್ತಿತ್ತು. ಅವನು ಅದರೊಳಗಿನ ಸಾಫ್ಟ್‌ವೇರನ್ನು ಅಳಿಸಿ, ಕಂಪನಿಯದನ್ನು ತುಂಬಿ ಮತ್ತೆ ಓಡಿಸಿದ. ದುಡಿಮೆ ಪೂರ್ತಿ ಬಂತು. ಹೊಸದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ.

"ತೂತು ಬಿದ್ದಿಲ್ಲ ಅಕ್ಕ, ಯಾರೋ ತೂತು ಕೊರೆದಿದ್ದಾರೆ," ಎಂದ. "ಮೂರರಲ್ಲಿ ಒಂದು ಪಾಲು ಸೋರಿ ಹೋಗ್ತಿದೆ. ಪಾಪ, ಮುದುಕರು ಮೆಷಿನ್ ಸತ್ತೋಯ್ತು ಅಂದ್ಕೊಂಡಿದ್ದಾರೆ."

ಅವನ ಮುಂದಿನ ಮಾತು ಇಷ್ಟು: ಕೇಳಿದ ಬೆಲೆಗೆ ತೆಗೆದುಕೊಳ್ಳೋಣ, ಎಲ್ಲವನ್ನೂ ಅಳಿಸಿ ತುಂಬೋಣ, ಪೇಟೆಯ ಬೆಲೆಗೆ ಮಾರೋಣ. ನಾವು ಸುಳ್ಳು ಹೇಳಿಲ್ಲ, ಮೋಸ ಮಾಡಿಲ್ಲ. ಅವರ ಮನೆಯ ತೂತು ಅವರದು. ಇಂಥ ವ್ಯಾಪಾರ ದಶಕಕ್ಕೊಮ್ಮೆ ಬಂದರೆ ಹೆಚ್ಚು.

ಅಕ್ಕ ಅವನ ಮಾತು ಕೇಳಲಿಲ್ಲ, ಅವನ ಮುಖ ನೋಡುತ್ತಿದ್ದಳು. ಬೇರೆಯವರಾದರೆ ಫ್ಯಾನು ನೋಡುತ್ತಿದ್ದರು, ಬೋರ್ಡು ನೋಡುತ್ತಿದ್ದರು. ಇವನು ನೇರ ಅಲ್ಲಿಗೇ ಕೈ ಹಾಕಿದ್ದು ಹೇಗೆ? ಕಪಾಟಿನ ಬಳಿ ಆ ಮಗಳು ಏನು ಹೇಳಿದಳು? ಇಂಥ ಸಾಫ್ಟ್‌ವೇರು ತುಂಬಿಕೊಡುವವರು ಈ ಪೇಟೆಯಲ್ಲಿ ಎಷ್ಟು ಜನ ಇದ್ದಾರೆ? ಅನುಮಾನ ಎಂಬುದು ಗೆದ್ದಲು, ಒಂದು ಬಾಗಿಲಿಗೆ ಬಂದದ್ದು ಅಲ್ಲಿಗೇ ನಿಲ್ಲುವುದಿಲ್ಲ. ಅವಳು ಕೇಳಿಯೇಬಿಟ್ಟಳು.

"ನಿನಗೆ ಅವಳು ಮೊದಲೇ ಗೊತ್ತಾ?"

ತಮ್ಮ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ. ಭಾರ ಇದೆ, ಸೊಂಟ ಜೋಪಾನ ಅಂದಳು, ನಾನು ಸರಿ ಅಂದೆ, ಅಷ್ಟೇ ಆ ಮಾತು ಎಂದ. ತೂತು ಸಿಕ್ಕಿದ್ದು ಹೇಗೆ ಎಂದರೆ, ಗಾಳಿ ಬಿಸಿ, ಮೀಟರು ಚುರುಕು, ದುಡಿಮೆ ಕಡಿಮೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವಳು ನೀನೇ, ಇನ್ನೆಲ್ಲಿ ಹುಡುಕಬೇಕಿತ್ತು? ವೈರನ್ನು ಮತ್ತೆ ಎತ್ತಿಕೊಂಡು, ಅವಳ ಕಡೆ ನೋಡದೆಯೇ ಹೇಳಿದ:

"ನನ್ನನ್ನೂ ತೂಗಿಬಿಟ್ಟೆ ಅಲ್ವಾ ಅಕ್ಕ."

ಆಡಿದ ಮಾತು, ಒಡೆದ ಮುತ್ತು. ಆ ದಿನ ಊಟದ ಡಬ್ಬಿಯನ್ನು ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಬಿಚ್ಚಿದರು.

ಮರುದಿನ ಹಿರಿಯರು ಬ್ಯಾಂಕಿಗೆ ಹೋಗುವ ಹೊತ್ತು ನೋಡಿಕೊಂಡು ಅಕ್ಕ ಒಬ್ಬಳೇ ಆ ಹಜಾರಕ್ಕೆ ಹೋದಳು. ಮಗಳು ಕಿವಿಯ ಮುಚ್ಚಳ ತೆಗೆದಳು, ಅಕ್ಕನ ಮುಖ ನೋಡಿದಳು, ಬಾಗಿಲು ಮುಂದೆ ಮಾಡಿ ಮುಂದಿನ ಕೋಣೆಗೆ ಕರೆದೊಯ್ದು ಕಾಫಿ ಮಾಡಿ ತಂದಿಟ್ಟಳು. ಬಾಯಿ ಬಿಡಿಸುವ ಕಷ್ಟವೇ ಇರಲಿಲ್ಲ.

"ನಿಮ್ಮ ಅಂಗಡೀಲಿ ನಿಮಗೆ ಪಾಲಿದೆಯಾ ಅಕ್ಕ?"

ಇದೆ ಎಂದಳು.

ನನಗಿಲ್ಲ ಎಂದಳು ಮಗಳು. ಯಂತ್ರ ತರಿಸಿದ ದಿನದಿಂದ ಇವುಗಳ ಚಾಕರಿ ತನ್ನದು. ಬೋರ್ಡು ಸುಟ್ಟರೆ ಬೆಸೆದವಳು ತಾನು, ಬೇಸಿಗೆಯಲ್ಲಿ ತಂಪು ಮಾಡಲು ಒದ್ದೆ ಪರದೆ ಕಟ್ಟಿದವಳು ತಾನು, ಎಡಗಿವಿ ಮಂದವಾಗಿರುವುದೂ ತನ್ನದೇ. ಬಂದ ದುಡಿಮೆಯೆಲ್ಲ ಅಣ್ಣನ ಟೈರಿನ ಅಂಗಡಿಗೆ ಹೋಗುತ್ತದೆ. ಆ ಅಂಗಡಿಯೋ, ಎಷ್ಟು ಗಾಳಿ ತುಂಬಿದರೂ ಇಳಿಯುವ ಟೈರು. ನನಗೂ ಒಂದು ಸಂಬಳ ಅಂತ ಮಾಡಿ ಎಂದು ಕೇಳಿದಾಗಲೆಲ್ಲ ಅಪ್ಪನ ಉತ್ತರ ಒಂದೇ, ನಿನಗೇನು ಕಡಿಮೆಯಾಗಿದೆ? ಕೊನೆಗೆ ತನ್ನ ಸಂಬಳವನ್ನು ತಾನೇ ತೆಗೆದುಕೊಂಡಳು. ಈಗ ಅಪ್ಪ ಮಾರುತ್ತೇನೆ ಎಂದು ಹೊರಟಿದ್ದಾರೆ. ನೀವು ಅವರು ಕೇಳಿದ ಬೆಲೆಗೇ ಕೊಳ್ಳಿ, ಅದರಲ್ಲಿ ಇಪ್ಪತ್ತು ಯಂತ್ರ ಅದೇ ಬೆಲೆಗೆ ನನಗೆ ಕೊಡಿ, ಬಾಡಿಗೆಗೆ ಒಂದು ಕೋಣೆ ನೋಡಿದ್ದೇನೆ, ನಾನೇ ಬೇರೆ ನಡೆಸುತ್ತೇನೆ. ನಿಮಗೂ ಲಾಭ.

ಅವಳನ್ನು ನೋಡಿ ಅಕ್ಕನ ಕರುಳು ಮರುಗಿತು. ಅದರ ಬೆನ್ನಿಗೇ ಕತ್ತು ಓರೆಯಾಯಿತು. ಇಪ್ಪತ್ತು ಎಂಬ ಲೆಕ್ಕ, ನೋಡಿಟ್ಟ ಕೋಣೆ, ಇವೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಂತಿರಲಿಲ್ಲ.

"ಮೊದಲಿಂದಲೂ ಮೂರರಲ್ಲಿ ಒಂದು ಪಾಲೇ ತಗೋತಿದ್ಯಾ?"

ಮಗಳು ಕಾಫಿ ಲೋಟವನ್ನು ಎತ್ತಿ, ಕುಡಿಯದೆ ಇಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಹೀಗೇ ಇರಬೇಕು. ಮೊದಲು ಹತ್ತರಲ್ಲಿ ಒಂದು, ಎಂದಳು ಕೊನೆಗೆ. ನಾಣ್ಯ ಏರಲು ಶುರುವಾದ ಮೇಲೆ ಹೆಚ್ಚಿಸಿದೆ. ಹಾಗೆ ಮಾಡಿದರೆ ಅಪ್ಪನಿಗೆ ಏರಿದ್ದು ಗೊತ್ತಾಗುವುದಿಲ್ಲ, ಬೇಸತ್ತು ಮಾರುತ್ತಾರೆ, ಅಗ್ಗಕ್ಕೆ ಸಿಗುತ್ತವೆ. ಹೇಳುವಾಗ ಅವಳ ದನಿಯಲ್ಲಿ ಅಳುವಿರಲಿಲ್ಲ, ಲೆಕ್ಕ ಒಪ್ಪಿಸುವವರ ದನಿ. ಆಮೇಲೆ, ಅಪ್ಪನಿಗೆ ಹೇಳ್ತೀರಾ ಎಂದು ಕೇಳಿ ಬಾಗಿಲ ಕಡೆ ನೋಡಿದಳು.

"ನಾನು ಬೆಲೆ ಹೇಳೋಳು ಕಣಮ್ಮ. ಮೆಷಿನ್ ಚೆನ್ನಾಗಿವೆ ಅಂತ ಹೇಳ್ತೀನಿ, ಅದಕ್ಕೆ ತಕ್ಕ ಬೆಲೆ ಹೇಳ್ತೀನಿ. ಮಿಕ್ಕಿದ್ದು ನಿನ್ನ ಬಾಯಿಂದ ಬರಬೇಕು."

ಹಾಗೇ ಮಾಡಿದಳು. ಹಿರಿಯರು ಅಂಗಡಿಗೆ ಬಂದಾಗ, ನಿಮ್ಮ ಯಂತ್ರಗಳಿಗೆ ಏನೂ ಆಗಿಲ್ಲ, ನನ್ನ ಲಾಭ ಇಟ್ಟುಕೊಂಡು ಇಷ್ಟು ಕೊಡಬಲ್ಲೆ ಎಂದು ಆ ದಿನದ ಬೆಲೆ ಹೇಳಿದಳು. ಅವರು ಕೇಳಿದ್ದಕ್ಕಿಂತ ಅದು ಸಾಕಷ್ಟು ಮೇಲಿತ್ತು. ಅವರ ಮುಖ ಅರಳುತ್ತದೆಂದು ಕಾದಳು. ಅರಳಲಿಲ್ಲ, ಬಿಗಿಯಿತು. ಮೊದಲ ಸಲ ಅವರು ಕುರ್ಚಿಯ ತುಂಬ ಹಿಂದಕ್ಕೆ ಸರಿದು ಕೂತರು.

"ಕೇಳಿದ್ದಕ್ಕಿಂತ ಜಾಸ್ತಿ ಕೊಡೋರನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ತಾಯಿ. ಅದರೊಳಗೆ ಏನಿದೆ ಹೇಳಿ."

ಏನೂ ಇಲ್ಲ, ಪೇಟೆ ಏರಿದೆ ಎಂದಳು. ಏರಿದ್ದರೆ ನನಗೆ ಯಾಕೆ ಬರುತ್ತಿಲ್ಲ ಎಂದರು ಅವರು. ಅದಕ್ಕೆ ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆಯೇ ಅವರಿಗೆ ಸಾಕಾಯಿತು. ಪರೀಕ್ಷೆಗೆ ತಂದಿದ್ದ ಯಂತ್ರವನ್ನು ತಾವೇ ಹಳೇ ಪೇಪರಿನಲ್ಲಿ ಸುತ್ತಿ, ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಹೊರಟುಹೋದರು. ಹಿಂದಿನ ಕೋಣೆಯಿಂದ ತಮ್ಮ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದ.

ಅನುಮಾನ ಬಂದ ಮೇಲೆ ಹಿರಿಯರಿಗೆ ಸದ್ದೂ ಆಗಿಬಂತು. ಕುರ್ಚಿ ಹಾಕಿಸಿಕೊಂಡು ಹಜಾರದಲ್ಲೇ ಕೂರತೊಡಗಿದರು. ಯಾವ ಯಂತ್ರ ಎಷ್ಟು ದುಡಿಯಿತು ಎಂದು ನೋಡುವುದನ್ನು ಟೈರಿನ ಅಂಗಡಿಯ ಮಗನಿಂದ ಕಲಿತರು. ನೋಡಿದರೆ, ಅಂಗಡಿಗೆ ಹೋಗಿ ಬಂದ ಒಂದು ಯಂತ್ರ ಮಾತ್ರ ಉಳಿದೆಲ್ಲಕ್ಕಿಂತ ಮೇಲೆ. ತಮ್ಮ ಅಳಿಸಿ ತುಂಬಿದ್ದನ್ನು ಯಾರೂ ತಿರುಗಿ ಬದಲಿಸಿರಲಿಲ್ಲ. ಮಗಳಿಗೂ ತಂದೆಯ ಕಣ್ಣು ತಪ್ಪಿಸಿ ಅದನ್ನು ಮುಟ್ಟಲು ಆಗಿರಲಿಲ್ಲ.

ಒಂದು ಬೆಳಿಗ್ಗೆ, ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳು ನಿಂತಿರುವಾಗ, ಹಿರಿಯರು ಆ ಯಂತ್ರವನ್ನು ತಂದು ಮೇಜಿನ ಮೇಲೆ ಇಟ್ಟರು. ಹಿಂದೆ ಮಗಳು. ಅವರು ಕೂಗಲಿಲ್ಲ. ನನ್ನ ಯಂತ್ರ ನನಗೆ ಕೊಡಿ, ಇದು ನನ್ನದಲ್ಲ ಎಂದರು. ನನ್ನದನ್ನು ಇಟ್ಟುಕೊಂಡು ಬೇರೆ ಕೊಟ್ಟಿದ್ದೀರಾ, ಹೆಚ್ಚು ದುಡಿಯುವುದನ್ನು ಕೊಟ್ಟು ಆಸೆ ಹುಟ್ಟಿಸುತ್ತಿದ್ದೀರಾ ನನಗೆ ತಿಳಿಯದು, ಆದರೆ ಬದಲಾಯಿಸಿದ್ದೀರಿ ಎಂದರು. ಗಿರಾಕಿಗಳಲ್ಲಿ ಒಬ್ಬ ತಾನು ಆರಿಸಿಟ್ಟಿದ್ದ ಯಂತ್ರದಿಂದ ಮೆಲ್ಲಗೆ ಕೈ ತೆಗೆದ.

ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಯಾರೂ ಹೇಳದ ಮಾತು ಅದು. ಒಂದೇ ವಾಕ್ಯ ಸಾಕಿತ್ತು ಅಕ್ಕನಿಗೆ, ಕೆಸರು ತೊಳೆದುಕೊಳ್ಳಲು. ಅದು ನಾಲಿಗೆಯ ತುದಿಗೂ ಬಂದಿತ್ತು. ಅವಳು ಮಗಳ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ ತಮ್ಮ, ಹೇಳು ಎಂಬಂತೆ ಹುಬ್ಬು ಎತ್ತಿದ. ಅವಳು ಹೇಳಲಿಲ್ಲ. ಇವಳು ಬಾಯಿ ಬಿಡುವುದಿಲ್ಲ, ನನ್ನನ್ನು ಮುಳುಗಿಸಿ ತಾನು ದಡ ಸೇರುತ್ತಾಳೆ ಎಂದು ಒಳಗೇ ಬೇಯುತ್ತ ನಿಂತಳು. ತಮ್ಮನಿಗೆ ತಡೆಯಲಾಗದೆ, ನೋಡಿ ಯಜಮಾನರೇ ಎಂದು ಒಂದು ಹೆಜ್ಜೆ ಮುಂದಿಟ್ಟ.

"ಇದು ನಮ್ಮದೇ ಅಪ್ಪ," ಎಂದಳು ಮಗಳು. "ಇದೊಂದೇ ಸರಿ ಇರೋದು. ಮಿಕ್ಕಿದ್ದರಲ್ಲಿ ನಾನು ತಗೋತಿದ್ದೆ."

ಹಿರಿಯರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮಗಳು ಮತ್ತೊಮ್ಮೆ, ಬಿಡಿಸಿ ಹೇಳಿದಳು. ಹತ್ತರಲ್ಲಿ ಒಂದು, ಆಮೇಲೆ ಮೂರರಲ್ಲಿ ಒಂದು. ಅಕ್ಕ ಗಿರಾಕಿಗಳನ್ನು ಸಂಜೆ ಬನ್ನಿ ಎಂದು ಕಳಿಸಿ ಅರ್ಧ ಷಟರು ಎಳೆದಳು. ಆ ಅರೆಗತ್ತಲಲ್ಲಿ ಹಿರಿಯರು ಕೂತು, ತಾವು ಪ್ರತಿ ಸಲ ಕೇಳುತ್ತಿದ್ದುದನ್ನೇ ಕೇಳಿದರು.

"ನಿನಗೇನು ಕಡಿಮೆಯಾಗಿತ್ತು?"

"ಸಂಬಳ," ಎಂದಳು ಮಗಳು.

ಹಿರಿಯರು ಯಂತ್ರವನ್ನು ಎತ್ತಲು ಹೋದರು, ಅಷ್ಟರಲ್ಲಿ ಮಗಳು ಎತ್ತಿಕೊಂಡಳು. ಇಬ್ಬರೂ ಬೀದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದುಹೋದರು. ಅಕ್ಕನ ಕಡೆ ಹಿರಿಯರು ತಿರುಗಿ ನೋಡಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಅವಳಿಗೆ ಬೇಕಾಗಿತ್ತು. ಅದು ಯಾವತ್ತೂ ಬರಲಿಲ್ಲ.

ಆ ಮನೆಯಲ್ಲಿ ಮುಂದೆ ಏನೇನು ನಡೆಯಿತೋ, ಹೊರಗೆ ಬಂದದ್ದು ತುಣುಕು ತುಣುಕಾಗಿ. ಟೈರಿನ ಅಣ್ಣ ತಂಗಿಯನ್ನು ಕಳ್ಳಿ ಎಂದನಂತೆ. ತಂದೆ ವಾರಗಟ್ಟಲೆ ಬಾಯಿ ಹೊಲಿದುಕೊಂಡಿದ್ದು, ಒಂದು ದಿನ ಇಪ್ಪತ್ತು ಯಂತ್ರ ಮಗಳಿಗೆ ಬಿಟ್ಟುಕೊಟ್ಟರಂತೆ, ಕ್ಷಮಿಸಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳದೆ. ಉಳಿದ ನಲವತ್ತನ್ನು ಇನ್ನೂ ಏರಲಿ ಎಂದು ಇಟ್ಟುಕೊಂಡು ಕೂತರು. ಅಷ್ಟರಲ್ಲಿ ನಾಣ್ಯ ಬಿತ್ತು. ಮೊದಲು ಮೆಟ್ಟಿಲು ಮೆಟ್ಟಿಲಾಗಿ, ಆಮೇಲೆ ಬಾವಿಗೆ ಕಲ್ಲು ಬಿದ್ದ ಹಾಗೆ. ಕೊಳ್ಳುವವರು ಮಾಯವಾದರು, ಮಾರುವವರು ಸಾಲುಗಟ್ಟಿದರು. ಅಕ್ಕ ದಿನಕ್ಕೆರಡು ಸಲ ಬೆಲೆ ತಿದ್ದಿದಳು, ಪ್ರತಿ ಸಲವೂ ಕೆಳಕ್ಕೆ. ಹಿರಿಯರು ಆ ನಲವತ್ತನ್ನು ಕೊನೆಗೆ ಬೇರೆ ಯಾರಿಗೋ ಕೊಟ್ಟರು, ತಾವು ಮೊದಲ ದಿನ ಬಾಯಿಬಿಟ್ಟು ಕೇಳಿದ್ದಕ್ಕಿಂತಲೂ ಕಡಿಮೆಗೆ. ಅಕ್ಕನ ಅಂಗಡಿಯನ್ನು ದಾಟಿಕೊಂಡೇ ಅವನ್ನು ಹೇರಿದ ಗಾಡಿ ಹೋಯಿತು.

ಅಂದು ಕೊಂಡಿದ್ದರೆ ಆ ಬೀಳುವ ಬೆಲೆಯ ಹೊರೆ ನಮ್ಮ ತಲೆ ಮೇಲೆ ಬೀಳುತ್ತಿತ್ತಲ್ಲ ಎಂದು ಅಕ್ಕ ಸಮಾಧಾನಕ್ಕೆ ಹೇಳಿದಳು. ಅಷ್ಟರಲ್ಲಿ ಮಾರಿ ಮುಗಿಸಿರುತ್ತಿದ್ದೆವು ಎಂದ ತಮ್ಮ. ಅವನು ಹೇಳಿದ್ದು ನಿಜವೇ. ಅವನು ಈಗ ಎಲ್ಲಿಗೆ ಹೊರಟರೂ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಕೇಳದೆಯೇ ವರದಿ ಒಪ್ಪಿಸುತ್ತಾನೆ. ಅದರಲ್ಲಿ ತಮಾಷೆ ಎಷ್ಟು, ನೋವು ಎಷ್ಟು ಎಂದು ಅವಳಿಗೆ ತಿಳಿಯುವುದಿಲ್ಲ. ಒಂದು ದಿನ, ಹಾಗೆಲ್ಲ ಹೇಳಬೇಡ ಕಣೋ, ನನ್ನದೇ ತಪ್ಪು ಎಂದಳು. ಅವನು ನಕ್ಕು, ಸರಿ ಬಿಡು ಎಂದ. ಸಂಜೆ ಬೀಗ ಹಾಕುವಾಗ ಮತ್ತೆ, ಹಾಲು ತರಲು ಹೋಗುತ್ತಿದ್ದೇನೆ, ಮೂಲೆಯ ಅಂಗಡಿಗೆ, ಒಬ್ಬನೇ ಎಂದು ಹೇಳಿಯೇ ಹೋದ.

ಮಗಳು ಬಾಡಿಗೆ ಕೋಣೆಯಲ್ಲಿ ಇಪ್ಪತ್ತು ಯಂತ್ರ ಓಡಿಸುತ್ತಿದ್ದಾಳೆ. ಅಲ್ಲಿ ಕಾರ್ಖಾನೆ ಕರೆಂಟಿಲ್ಲ, ದರ ಹೆಚ್ಚು. ಕೆಲವು ತಿಂಗಳು ಬಂದದ್ದು ಕರೆಂಟಿಗೇ ಸರಿಹೋಗುತ್ತದೆ. ಹೋದ ವಾರ ಫ್ಯಾನು ಕೊಳ್ಳಲು ಬಂದಿದ್ದಳು. ಅಕ್ಕ ಬೆಲೆ ಹೇಳಿದಳು. ಮಗಳು ಅದನ್ನು ಮನಸ್ಸಿನಲ್ಲೇ ಒಮ್ಮೆ ಲೆಕ್ಕ ಹಾಕಿ, ಎದುರಿನ ಅಂಗಡಿಯಲ್ಲೂ ಒಂದು ಮಾತು ಕೇಳಿಕೊಂಡು ಬರುತ್ತೇನೆ ಎಂದು ಎದ್ದು ಹೊರಟಳು. ಹೋಗಿ ಬಾ ಎಂದಳು ಅಕ್ಕ. ಅವಳು ಬೀದಿ ದಾಟುವುದನ್ನು ನೋಡುತ್ತ, ತಿರುಗಿ ಬರುತ್ತಾಳೋ ಇಲ್ಲವೋ ಎಂದು ತಿಳಿಯದೆ, ಆದರೂ ನಾಲ್ಕು ಫ್ಯಾನು ತೆಗೆದು ಮೇಜಿನ ಮೇಲಿಟ್ಟು ಧೂಳು ಒರೆಸತೊಡಗಿದಳು.